ಗೋಡೆಗೆ ಮೊಳೆ ಹೊಡೆಯಬೇಡಿ ಎಂದವನು

ನಿವೃತ್ತಿಯ ದಿನ ಬ್ಯಾಂಕಿನವರು ನನಗೊಂದು ಶಾಲು, ಒಂದು ಗಂಧದ ಹಾರ, ಮೇಲೊಂದು ಹೊಸ ಫೋನು ಕೊಟ್ಟು ಕಳಿಸಿದರು. ಶಾಲು ಕಪಾಟು ಸೇರಿತು, ಹಾರ ದೇವರ ಪಟದ ಮೇಲೇರಿತು. ಫೋನನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಡಬ್ಬಿಯಿಂದ ಹೊರಗೆ ತೆಗೆಯುವುದೇ ತಡ, ಅದು ಒಂದರ ಹಿಂದೊಂದು ಅನುಮತಿ ಕೇಳಲು ಶುರುಮಾಡಿತು. ನೀವಿರುವ ಜಾಗ ತಿಳಿದುಕೊಳ್ಳಲೇ, ನಿಮ್ಮ ಧ್ವನಿ ಕೇಳಿಸಿಕೊಳ್ಳಲೇ, ನಿಮ್ಮ ಪರಿಚಯದವರನ್ನೆಲ್ಲ ನೋಡಲೇ. ಪಕ್ಕದಲ್ಲಿ ಕೂತ ಸೊಸೆ, ಎಲ್ಲದಕ್ಕೂ ಹೂಂ ಅನ್ರಿ ಅತ್ತಿ, ಮುಂದ ಹೋಗ್ತದ ಎಂದಳು. ನನ್ನ ಬೆರಳು ಮುಂದೆ ಹೋಗಲಿಲ್ಲ. ನಾಸಿಕ್ ರೋಡಿನಲ್ಲಿ ನನ್ನ ಎದುರು ಮನೆಯಲ್ಲಿದ್ದ ಹುಡುಗ ನೆನಪಾದ. "ಲಗ್ನದಾಗ ಅಕ್ಷತಾ ಒಗಿಯೋ ಮಂದೀನೂ ಇಷ್ಟು ಗಡಿಬಿಡಿ ಮಾಡಂಗಿಲ್ರಿ ಮಾವಶಿ. ಒಪ್ಪಿಗಿ ಅಂದ್ರ ಅದಕ್ಕೊಂದು ಕಿಮ್ಮತ್ತು ಐತಿ" ಎನ್ನುತ್ತಿದ್ದ ಅವನು, ನಾನು ಗಬಕ್ಕನೆ ಬೆರಳೊತ್ತಿದಾಗಲೆಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವನದೇ ಕಟ್ಟಪ್ಪಣೆ. ನನ್ನ ಬಗ್ಗೆ ಏನಾದರೂ ಬರೆದರೆ ಹೆಸರು ಹಾಕಬೇಡಿ, ಯಾವನಾದರೂ ಹುಡುಕಿ ನೋಡುತ್ತಾನೆ ಎಂದು ಒಮ್ಮೆ ಎಚ್ಚರಿಸಿದ್ದ. ನಾನು ಬರೆಯುತ್ತೇನೆಂದು ಅವನಿಗೆ ಯಾರು ಹೇಳಿದ್ದರೋ ಏನೋ. ಆಗ ನಾನು ಬರೆಯುತ್ತಿದ್ದುದು ಸಾಲದ ಅರ್ಜಿಗಳ ಮೇಲಿನ ಷರಾ ಮಾತ್ರ.

ಧಾರವಾಡದಲ್ಲಿ ಹಾಯಾಗಿದ್ದವಳನ್ನು ನಿವೃತ್ತಿಗೆ ಕೆಲವೇ ವರ್ಷ ಇರುವಾಗ ಎತ್ತಿ ನಾಸಿಕ್ ರೋಡ್ ಶಾಖೆಗೆ ಹಾಕಿದರು. ನಮ್ಮವರು ಮೊಣಕಾಲಿನ ನೆಪ ಹೇಳಿ ಧಾರವಾಡದಲ್ಲೇ ಉಳಿದುಬಿಟ್ಟರು. ನಾನೊಬ್ಬಳೇ ಬಾಡಿಗೆ ಮನೆ ಹಿಡಿದು ಸಾಮಾನು ಇಳಿಸಿಕೊಳ್ಳುತ್ತಿದ್ದಾಗ ಎದುರು ಬಾಗಿಲಿನೊಳಗಿಂದ, "ರೊಟ್ಟಿ ಆರಾಕ ಹತ್ಯಾವು, ಆ ಡಬ್ಬಿ ಮುಚ್ಚಿ ಬರ್ತೀಯೋ ಇಲ್ಲೋ" ಎಂಬ ಕೂಗು ಕೇಳಿತು. ಡಬ್ಬಿ ಎಂದರೆ ಲ್ಯಾಪ್‌ಟಾಪ್ ಎಂದು ಆಮೇಲೆ ತಿಳಿಯಿತು. ರೈಲಿನ ಸದ್ದು, ಮರಾಠಿಯ ಗದ್ದಲ ತುಂಬಿದ ಆ ಊರಿನಲ್ಲಿ ಬಾಗಲಕೋಟೆ ಕಡೆಯ ಕನ್ನಡ ಕಿವಿಗೆ ಬಿದ್ದರೆ ಸುಮ್ಮನಿರಲು ಆಗುತ್ತದೆಯೇ? ಸುತ್ತಿಗೆ ಕೇಳುವ ನೆಪ ಮಾಡಿಕೊಂಡು ಬಾಗಿಲು ತಟ್ಟಿದೆ.

ತೆರೆದವನು ಅವನು. ಹುಡುಗ ಎಂದೆನಲ್ಲ, ಮೂವತ್ತು ಎಂದೋ ದಾಟಿತ್ತು, ನೆತ್ತಿಯ ಕೂದಲು ತೆಳ್ಳಗಾಗುತ್ತಿತ್ತು. ಆದರೆ ಲಗ್ನವಾಗದವರನ್ನು ನಮ್ಮ ಕಡೆ ಅರವತ್ತಾದರೂ ಹುಡುಗ ಎಂದೇ ಕರೆಯುತ್ತೇವೆ. ಸುತ್ತಿಗೆ ತಂದ, ಕೈಗೆ ಕೊಡಲಿಲ್ಲ. ಯಾಕೆ ಬೇಕು ಎಂದು ಕೇಳಿದ. ದೇವರ ಪಟ ತೂಗುಹಾಕಲು ಎಂದೆ.

"ಬಾಡಿಗಿ ಮನ್ಯಾಗ ಮೊಳಿ ಹೊಡೀಬಾರದ್ರಿ. ಹೊಡದ್ರ ಬಿಟ್ಟು ಹೋಗಾಕ ಮನಸ್ಸ ಬರಂಗಿಲ್ಲ."

"ನಾ ಸುತಗಿ ಕೇಳೀನಿ, ಉಪದೇಶ ಕೇಳಿಲ್ಲಪಾ" ಎಂದೆ. ಒಳಗಿನಿಂದ ಅವನವ್ವ ನಗುತ್ತ ಬಂದು ನನ್ನ ಕೈ ಹಿಡಿದು ಕೂರಿಸಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟಳು. ಅವನಿಗೆ ಮರಾಠಿಯ ಮಾವಶಿ, ಎಂದರೆ ಚಿಕ್ಕಮ್ಮ, ಅವನವ್ವನಿಗೆ ಬಾಗಲಕೋಟೆಯ ಅಕ್ಕಾರು, ಎರಡೂ ಅಂದಿನಿಂದ ನಾನೇ ಆದೆ. ದೇವರ ಪಟವನ್ನು ಕೊನೆಗೂ ಕಿಟಕಿಯ ಕಟ್ಟೆಯ ಮೇಲೆ ಗೋಡೆಗೊರಗಿಸಿ ನಿಲ್ಲಿಸಿದೆ.

ಅವನವ್ವನೂ ಅಪ್ಪನೂ ಲಗ್ನವಾದ ಹೊಸದರಲ್ಲೇ ನಾಸಿಕ್ಕಿಗೆ ಕೆಲಸ ಹುಡುಕಿಕೊಂಡು ಬಂದವರು. ಅಪ್ಪ ಗೌಂಡಿ, ಅವ್ವ ಕಲಸಿದ ಸಿಮೆಂಟು ಬುಟ್ಟಿಯಲ್ಲಿ ಹೊರುವಾಕೆ. ಕಟ್ಟಡ ಏಳುವತನಕ ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಸಂಸಾರ, ಎದ್ದ ಮೇಲೆ ಗಂಟು ಕಟ್ಟಿ ಇನ್ನೊಂದು ಕಡೆ. ಹುಡುಗ ಹಾಗೇ ಶೆಡ್ಡಿನಿಂದ ಶೆಡ್ಡಿಗೆ ಬೆಳೆದು, ಮರಾಠಿ ಶಾಲೆ ಕಲಿತು, ಕಂಪ್ಯೂಟರ್ ಓದಿದ. ಅಪ್ಪ ಅವನ ಮೊದಲ ಸಂಬಳ ನೋಡಿ ಹೋದರಂತೆ. ಈಗ ಅಮೆರಿಕದ ಯಾವುದೋ ಕಂಪನಿಗೆ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ. ಆ ಕಂಪನಿ ಏನು ಮಾಡುತ್ತದೆ ಎಂದು ಕೇಳಿದರೆ, ಅವರಿಗೂ ಇನ್ನೂ ಪಕ್ಕಾ ಗೊತ್ತಾಗಿಲ್ಲರಿ ಎನ್ನುತ್ತಿದ್ದ.

ಬಂದ ವಾರವೇ ನನ್ನ ಫೋನು ಬಹಳ ನಿಧಾನವಾಗಿದೆ ಎಂದು ಅವನಿಗೆ ಕೊಟ್ಟೆ. ಬ್ರೌಸರ್ ತೆರೆದವನು ನನ್ನನ್ನೊಮ್ಮೆ ನೋಡಿದ, ಫೋನನ್ನೊಮ್ಮೆ ನೋಡಿದ. ಅಲ್ಲಿ ಮೂಲೆಯ ಸಣ್ಣ ಚೌಕದಲ್ಲಿ ತೆರೆದಿಟ್ಟ ಪುಟಗಳ ಸಂಖ್ಯೆ ಇರಬೇಕಿತ್ತಂತೆ. ಸಂಖ್ಯೆಯ ಬದಲು ಒಂದು ನಗುವ ಮುಖದ ಗುರುತಿತ್ತು. "ನೂರು ದಾಟಿದ ಮ್ಯಾಲ ಅದು ಎಣಸೋದು ಬಿಟ್ಟು ನಗಾಕ ಚಾಲೂ ಮಾಡತೈತ್ರಿ" ಎಂದ. ನಾನು ಪ್ರತಿ ಸಲ ಪಂಚಾಂಗ ನೋಡಲು ಹೊಸ ಪುಟ ತೆರೆದಿದ್ದೆ, ಏಕಾದಶಿ ಯಾವಾಗ ಎಂದು ತೆರೆದಿದ್ದೆ, ನಮ್ಮವರ ಮೊಣಕಾಲಿಗೆ ಯಾವ ಎಣ್ಣೆ ಎಂದು ತೆರೆದಿದ್ದೆ, ಒಂದನ್ನೂ ಮುಚ್ಚಿರಲಿಲ್ಲ. ಅಂಗಡಿಗೆ ಹೋಗಿ ಬಂದ ಮೇಲೆ ಮನೆ ಬಾಗಿಲು ಹಾಕುವುದಿಲ್ಲವೇ, ಹಾಗೇ ಇದೂ ಎಂದು ಬೈದ. ಎಲ್ಲ ಮುಚ್ಚಿಬಿಡಲೇ ಎಂದು ಕೇಳಿದಾಗ ನನಗೆ ಯಾಕೋ ಸಂಕಟವಾಯಿತು. ಮೊಣಕಾಲಿನದೊಂದು ಇರಲಿ ಎಂದೆ. ಅದೊಂದನ್ನು ಇಟ್ಟು ಉಳಿದದ್ದನ್ನೆಲ್ಲ ಗುಡಿಸಿ ಕೊಟ್ಟ. ಫೋನು ಹಗುರಾಗಿ ಓಡತೊಡಗಿತು.

ಸಾಫ್ಟ್‌ವೇರಿನವನ ಕೈಯಲ್ಲಿ ಹೊಚ್ಚಹೊಸ ಫೋನಿರುತ್ತದೆಂದು ನಾನು ತಿಳಿದಿದ್ದೆ. ಇವನದು ಮೂಲೆ ಒಡೆದು, ಹಿಂಬದಿಯ ಮುಚ್ಚಳ ಬೀಳದಂತೆ ಅವ್ವನ ಜಡೆಯ ರಬ್ಬರು ಸುತ್ತಿದ್ದ ಫೋನು. ಫೋನು ಕೊಳ್ಳುವವರಿಗೆಲ್ಲ ಅವನದು ಒಂದೇ ಸಲಹೆ: ಇವತ್ತು ಬಂದದ್ದು ಬೇಡ, ಹೋದ ವರ್ಷ ಬಂದದ್ದು ತಗೊಳ್ಳಿ. ಹೊಸ ಚಪ್ಪಲಿ ಮೊದಲು ಬೇರೆಯವರ ಕಾಲು ಕಚ್ಚಲಿ ಎನ್ನುತ್ತಿದ್ದ. ಅವರ ಮನೆಯಲ್ಲಿ ಊಟಕ್ಕೆ ಕೂತರೆ ಖಾಲಿ ರೊಟ್ಟಿ ಬುಟ್ಟಿ ಎಲ್ಲರ ಮುಂದೆ ಸುತ್ತಿ ಬರುತ್ತಿತ್ತು. ಫೋನನ್ನು ಅದರಲ್ಲಿ ಹಾಕಿ ಕೈ ತೊಳೆಯಬೇಕು. ಬುಟ್ಟಿಯೊಳಗೆ ಯಾರದು ಬಡಿದುಕೊಂಡರೂ ಏಳುವ ಹಾಗಿಲ್ಲ. ಒಮ್ಮೆ ನಮ್ಮ ಪ್ರಾದೇಶಿಕ ಕಚೇರಿಯ ಸಾಹೇಬರೇ ನನಗೆ ಫೋನು ಮಾಡಿ ಮಾಡಿ ಸಾಕಾಗಿದ್ದರು. ನಾನು ರೊಟ್ಟಿ ಮುರಿಯುತ್ತ ಅದರ ಸದ್ದು ಕೇಳುತ್ತ ಕೂತಿದ್ದೆ. ಸುಳ್ಳು ಯಾಕೆ, ಬಹಳ ಸುಖವಾಯಿತು.

ಬ್ರೌಸರಿನ ವಿಷಯದಲ್ಲಿ ಮಾತ್ರ ಅವನದು ಮಡಿವಂತಿಕೆ. ಮನುಷ್ಯನಿಗೆ ಎರಡಾದರೂ ಬ್ರೌಸರ್ ಇರಬೇಕು. ಒಂದರಲ್ಲಿ ಬ್ಯಾಂಕಿನ ವ್ಯವಹಾರ, ಅದರಲ್ಲಿ ಬೇರೇನೂ ಮುಟ್ಟಬಾರದು. ಇನ್ನೊಂದರಲ್ಲಿ ಬೇಕಾದ ಕಡೆ ಅಲೆಯಬಹುದು. ಒಂದೇ ಸಾಕಲ್ಲೋ ಎಂದರೆ, "ದೇವರ ಖೋಲಿ, ಬಚ್ಚಲ ಒಂದ ಮಾಡ್ತೀರೇನ್ರಿ?" ಎಂದು ಕೇಳಿಬಿಟ್ಟ. ಆ ಮಾತು ನನಗೆಷ್ಟು ಹಿಡಿಸಿತೆಂದರೆ ಶಾಖೆಗೆ ಬಂದ ಗಿರಾಕಿಗಳಿಗೆಲ್ಲ ಅದನ್ನೇ ಮರಾಠಿಯಲ್ಲಿ ಹೇಳತೊಡಗಿದೆ. ಪಿಂಪಳಗಾಂವ್ ಬಸವಂತ್‌ನಿಂದ ಬರುತ್ತಿದ್ದ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರು ಪೂರ್ತಿ ಕೇಳಿಸಿಕೊಂಡು, ಹೆಂಡತಿ ನೋಡಬಾರದ್ದಕ್ಕೆ ಮೂರನೆಯದೊಂದು ಬೇಕಲ್ಲ ಮ್ಯಾಡಮ್ ಎಂದರು. ಇದನ್ನು ಅವನಿಗೆ ಹೇಳಿದಾಗ ನಗಲೂ ಇಲ್ಲ. "ಅದಕ್ಕ ಬ್ರೌಸರ್ ಸಾಲಂಗಿಲ್ಲ, ಬ್ಯಾರೆ ಮನೀನ ಬೇಕಾಕ್ಕೈತಿ" ಎಂದ.

ನಮ್ಮ ಕಟ್ಟಡದಲ್ಲಿ ಹತ್ತನೆಯ, ಹನ್ನೆರಡನೆಯ ಇಯತ್ತೆ ಮುಗಿಸಿದ ಮಕ್ಕಳಿದ್ದ ಮನೆಯವರಿಗೆಲ್ಲ ಅವನ ಮೇಲೆ ಕಣ್ಣು. ಮಗನನ್ನೋ ಮಗಳನ್ನೋ ಮುಂದೆ ದೂಡಿಕೊಂಡು ಬಂದು, ಐಟಿಗೆ ಹೋಗಲು ಏನು ಓದಿಸಬೇಕು ಎಂದು ಕೇಳುತ್ತಿದ್ದರು. ಅವರು ಬಯಸಿದ ಉತ್ತರ ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ. ಐಟಿ ನೌಕರಿ ಎಂದರೆ ಬಾಡಿಗೆ ಮನೆ, ಮಾಲೀಕ ಖಾಲಿ ಮಾಡು ಎಂದ ದಿನ ಖಾಲಿ ಮಾಡಬೇಕು, ಗೋಡೆಗೆ ಮೊಳೆ ಹೊಡೆದು ಕೂರಬೇಡಿ, ಎನ್ನುತ್ತಿದ್ದ. ಮೊದಲು ಮಗನಿಗೆ ಮನೆಯ ಫ್ಯೂಸ್ ಹಾಕುವುದನ್ನು ಕಲಿಸಿ, ಎದುರಿನವರು ಏನು ಕೇಳುತ್ತಿದ್ದಾರೆಂದು ಪೂರ್ತಿ ಕೇಳಿಸಿಕೊಳ್ಳುವುದನ್ನು ಕಲಿಸಿ, ಕಂಪ್ಯೂಟರಿನ ಭಾಷೆಗಳು ಸೀರೆಯ ಡಿಸೈನಿನ ಹಾಗೆ ಬರುತ್ತವೆ ಹೋಗುತ್ತವೆ. ಈಗಂತೂ ಕೋಡನ್ನು ಯಂತ್ರವೇ ಬರೆಯುತ್ತದೆ, ನಾನು ಅದರ ಮೇಸ್ತ್ರಿ, ಅದು ಕಟ್ಟಿದ ಗೋಡೆ ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡುವವ. ನಾಳೆ ಮೇಸ್ತ್ರಿಯೂ ಬೇಡ ಎನ್ನಬಹುದು ಎಂದು ಮುಗಿಸುತ್ತಿದ್ದ.

ಮೂರನೆಯ ಮಹಡಿಯ ತಾಯಿಗೆ ಈ ಮಾತು ಎಷ್ಟು ನಾಟಿತೆಂದರೆ, ಅವನವ್ವ ಹೋಳಿಗೆ ತುಂಬಿ ಕಳಿಸಿದ್ದ ಡಬ್ಬಿಯನ್ನು ಆಕೆ ತೊಳೆದು ಖಾಲಿಯೇ ವಾಪಸು ಕಳಿಸಿದಳು. ಖಾಲಿ ಡಬ್ಬಿ ವಾಪಸು ಬಂತೆಂದರೆ ಸಂಬಂಧ ಮುಗಿಯಿತೆಂದೇ ಅರ್ಥ, ಕನಿಷ್ಠ ನಾಲ್ಕು ಕಾಳು ಸಕ್ಕರೆಯಾದರೂ ಹಾಕಬೇಕು. ಅವನವ್ವ ಆ ಡಬ್ಬಿಯನ್ನು ನನ್ನ ಮುಂದೆ ತಿರುಗಿಸಿ ತಿರುಗಿಸಿ ತೋರಿಸಿದಳು. ಅವನಿಗೆ ಅದರ ಪರಿವೆಯೇ ಇಲ್ಲ. ಬಿಟ್ಟುಬಂದ ಕಂಪನಿಗಳು ಕೊಟ್ಟಿದ್ದ ಅಂಗಿಗಳಿಂದ ಅವ್ವ ನೆಲ ಒರೆಸುತ್ತಿದ್ದಳು, ಅವನು ಕಾಲು ಎತ್ತಿಕೊಂಡು ಕೂತು ಕೆಲಸ ಮಾಡುತ್ತಿದ್ದ. ದೊಡ್ಡ ದೊಡ್ಡ ಕಂಪನಿಗಳ ಹೆಸರು ಒದ್ದೆಯಾಗಿ ನೆಲದ ಮೇಲೆ ಹರಿದಾಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಇಂಥವನಿಗೆ ಹೆಣ್ಣು ನೋಡುವುದೇ ಅವ್ವನಿಗೆ ಹಗಲೂ ರಾತ್ರಿ ಚಿಂತೆಯಾಗಿತ್ತು. ಒಂದು ಕಾಲಕ್ಕೆ ಸಾಫ್ಟ್‌ವೇರ್ ಹುಡುಗ ಎಂದರೆ ಹೆಣ್ಣಿನವರೇ ಮನೆ ಹುಡುಕಿಕೊಂಡು ಬರುತ್ತಿದ್ದರಂತೆ. ಈಗ ಕಾಲ ತಿರುಗಿತ್ತು. ಇಂಥ ಕಂಪನಿ ಇಷ್ಟು ಜನರನ್ನು ತೆಗೆಯಿತು ಎಂಬ ಸುದ್ದಿ ವಾರಕ್ಕೊಂದು ಬರುತ್ತಿತ್ತು. ಊರ ಲೆಕ್ಕ ಬರೆಯುವ ತಲಾಠಿ ಇದ್ದರೆ ಹೇಳಿ, ರೈಲ್ವೆಯವನಿದ್ದರೆ ಹೇಳಿ, ಇಲ್ಲಿನ ಸರಕಾರಿ ಪ್ರೆಸ್ಸಿನಲ್ಲಿ ನೋಟು ಅಚ್ಚು ಹಾಕುವವನಾದರೂ ಅಡ್ಡಿಯಿಲ್ಲ, ಐಟಿ ಮಾತ್ರ ಬೇಡ ಎನ್ನುತ್ತಿದ್ದರು ಹೆಣ್ಣು ಹೆತ್ತವರು. ಅಂಥದರಲ್ಲೂ ಎರಡು ಕಡೆ ಮಾತು ಮುಂದುವರಿದಿತ್ತು, ಎರಡನ್ನೂ ಇವನ ಬಾಯಿ ಕೆಡಿಸಿತ್ತು.

ಮೊದಲನೆಯ ಮನೆಯಲ್ಲಿ ನೌಕರಿ ಪರ್ಮನೆಂಟೇ ಎಂದು ಕೇಳಿದ್ದಾರೆ. ಆ ಶಬ್ದ ನಮ್ಮಲ್ಲಿ ಇಲ್ಲರಿ, ಇವತ್ತು ಐತಿ ಅಷ್ಟ, ಎಂದು ಹೇಳಿ ಬಂದ. ಎರಡನೆಯ ಮನೆ ಖುಲ್ತಾಬಾದಿನಲ್ಲಿ. ಎಲ್ಲ ಸರಿಹೋಗಿ, ತಟ್ಟೆ ಬದಲಿಸುವ ದಿನದ ಮಾತು ನಡೆಯುವಾಗ ಹುಡುಗಿಯ ಸೋದರಮಾವ ತನ್ನ ಫೋನು ನಿಧಾನವಾಗಿದೆ ನೋಡು ಎಂದು ಕೊಟ್ಟನಂತೆ. ಇವನು ಅದನ್ನು ತಿರುವಿ ನೋಡಿ ಇಡೀ ಮನೆಯವರ ನಡುವೆ, ದುಡ್ಡು ಕಟ್ಟಿ ಆಡುವ ರಮ್ಮಿ ಆಟಗಳು ಇದರಲ್ಲಿ ಬಹಳ ಇವೆ, ಅವನ್ನು ತೆಗೆದರೆ ಹಗುರಾಗುತ್ತದೆ ಎಂದ. ಸೋದರಮಾವನ ಹೆಂಡತಿ ಅಲ್ಲೇ ಕೂತಿದ್ದಳು. ಆಮೇಲೆ ಆ ಮನೆಯಲ್ಲಿ ಏನಾಯಿತೋ ಇವರಿಗೆ ತಿಳಿಯಲಿಲ್ಲ, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದರಂತೆ.

"ಅಕ್ಕಾರ, ಈ ಸಲ ನೀವೂ ಬರ್ರಿ" ಎಂದು ಅವನವ್ವ ನನ್ನ ಕೈ ಹಿಡಿದಳು. ಛತ್ರಪತಿ ಸಂಭಾಜಿನಗರದಲ್ಲಿ ಒಂದು ಸಂಬಂಧ ಬಂದಿತ್ತು. ಇಂಡಿ ಕಡೆಯವರು, ಅಪ್ಪ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದ ಕಾಂಟ್ರ್ಯಾಕ್ಟರ್, ಮಗಳು ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ನಾನು ಬ್ಯಾಂಕಿನವಳು, ನನ್ನ ಮಾತಿಗೆ ತೂಕವಿರುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದು, ಅವನು ಬಾಯಿ ತೆರೆಯುವ ಮೊದಲೇ ನಾನು ಕೆಮ್ಮಬೇಕು, ಕೆಮ್ಮಿದ ಕೂಡಲೇ ಅವನು ಸುಮ್ಮನಾಗಬೇಕು. ಇದಕ್ಕೆ ಅವನೂ ಒಪ್ಪಿದ. ಅವ್ವನಿಗೆ ಸುಸ್ತಾಗಿದೆ ಎಂದು ಅವನಿಗೂ ಗೊತ್ತಿತ್ತು. ಸಿಮೆಂಟು ಹೊತ್ತ ಕುತ್ತಿಗೆ ಈಗ ಸರಿಯಾಗಿ ತಿರುಗುತ್ತಿರಲಿಲ್ಲ, ತಾನು ಹೋದ ಮೇಲೆ ಇವನೊಬ್ಬನೇ ಆ ಡಬ್ಬಿಯ ಮುಂದೆ ಕೂತಿರುತ್ತಾನೆ ಎಂದು ಆಕೆ ಬಿಕ್ಕುವುದನ್ನು ನಾವಿಬ್ಬರೂ ಕೇಳಿದ್ದೆವು. ಈ ಸಂಬಂಧ ಕೂಡಿದರೆ ಸಾಕಪ್ಪಾ ಎಂದು ನಾನೂ ಮನಸ್ಸಿನಲ್ಲೇ ಬನಶಂಕರಿಗೆ ಹರಕೆ ಹೊತ್ತೆ.

ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. ಮುಂಜಾನೆ ರೈಲಿಗೆ ಮೂವರೂ ಹೊರಟೆವು. ಅವ್ವ ಇಳಕಲ್ ಸೀರೆ ಉಟ್ಟಿದ್ದಳು, ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಿಟಕಿಯ ಪಕ್ಕ ಕೂತಿದ್ದ. ರೈಲಿನಲ್ಲೂ ಅವನ ಉಪನ್ಯಾಸ ನಿಂತಿರಲಿಲ್ಲ. ಎದುರಿಗೆ ಕೂತವರೊಬ್ಬರಿಗೆ ಹಳೆಯ ಫೋನನ್ನು ಮಾರುವ ಮೊದಲು ಏನೇನು ಅಳಿಸಬೇಕೆಂದು ವಿವರಿಸುತ್ತಿದ್ದ. ಲಾಸಲಗಾಂವ್ ದಾಟುವಾಗ ಫೋನು ಒಮ್ಮೆ ಟುಣ್ ಎಂದಿತು. ನೋಡಿದ. ಬ್ರೌಸರ್ ತೆರೆದ, ಮುಚ್ಚಿದ, ಮತ್ತೆ ತೆರೆದ. ಆಮೇಲೆ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ ಹೊರಗೆ ನೋಡುತ್ತ ಕೂತ. ನೆಟ್‌ವರ್ಕ್ ಹೋಗಿರಬೇಕು ಎಂದುಕೊಂಡೆ. ಅವ್ವ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು.

ಮನ್ಮಾಡಿನಲ್ಲಿ ರೈಲು ನಿಂತಿತು. ಚಹಾ ತರುತ್ತೇನೆಂದು ಇಳಿದ. ಕಾಲು ಸಡಿಲಿಸಲೆಂದು ನಾನೂ ಹಿಂದೆಯೇ ಇಳಿದೆ. ಚಹಾದವನ ಮುಂದೆ ನಿಂತು ಅವನು ನನ್ನ ಮುಖ ನೋಡದೆ ಹೇಳಿದ:

"ಮಾವಶಿ, ಆಫೀಸಿನ ಮೇಲ್ ಒಳಗ ಬಿಡವಲ್ದು. ನನ್ನ ಗುರುತಽ ಇಲ್ಲ ಅಂತೈತಿ."

ಪಾಸ್‌ವರ್ಡ್ ಮರೆತಿರಬೇಕು ಎಂದೆ ನಾನು, ಬುದ್ಧಿವಂತಳ ಹಾಗೆ.

"ಪಾಸ್‌ವರ್ಡ್ ಅಲ್ರಿ. ಕೆಲಸ ಹೋತು. ನನ್ನ ಸ್ವಂತ ಮೇಲಿಗೆ ಎರಡು ಸಾಲು ಕಳಿಸ್ಯಾರ. ಅಲ್ಲಿ ಇನ್ನೂ ಶುಕ್ರವಾರ ಸಂಜಿ. ಇಂಥಾದ್ದೆಲ್ಲ ಶುಕ್ರವಾರ ಸಂಜೀನ ಮಾಡ್ತಾರ."

ಎರಡು ಕೈಯಲ್ಲೂ ಚಹಾ ಹಿಡಿದಿದ್ದ. ಲೋಟ ತುಳುಕಿ ಇಸ್ತ್ರಿ ಅಂಗಿಯ ತೋಳಿನ ಮೇಲೆ ಬಿತ್ತು. ನನಗೆ ಒಂದು ಕ್ಷಣ, ಹೇಳಿದ್ದೆಯಲ್ಲೋ ಊರಿಗೆಲ್ಲ, ಎಂದು ಬಾಯಿಗೆ ಬಂದಿತ್ತು. ಅವನೇ ಮೊದಲು ಕೇಳಿದ.

"ಎಲ್ಲಾ ಮೊದಲಽ ಗೊತ್ತಿತ್ತಲ್ರಿ ನನಗ. ಗೊತ್ತಿದ್ದೂ ಕೈ ಯಾಕ ನಡಗತಾವು?"

ಒಂದು ಲೋಟ ಅವನ ಕೈಯಿಂದ ತೆಗೆದುಕೊಂಡೆ. ಅವ್ವನಿಗೆ ಹೇಳಬೇಡಿ ಎಂದ. ಹೆಣ್ಣಿನ ಮನೆಯವರಿಗೆ ಎಂದು ಕೇಳಿದೆ. ಇವತ್ತೊಂದು ದಿನ ಅವ್ವ ಬೇಡಿಕೊಂಡ ಹಾಗೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ, ಮುಂದಿನದು ಮುಂದೆ ನೋಡೋಣ ಎಂದ. ಯಾವ ಮನೆಯಲ್ಲೂ ಯಾವ ಮಾತನ್ನೂ ಮುಚ್ಚಿಡದವನು ಹೀಗೆ ಹೇಳಿದ್ದು ನನಗೆ ಕೆಲಸ ಹೋದದ್ದಕ್ಕಿಂತ ಹೆಚ್ಚು ಕಸಿವಿಸಿ ಮಾಡಿತು. ಆ ಮನೆಯವರು ನನ್ನನ್ನೇ ಕೇಳಿದರೆ ಏನು ಹೇಳುವುದು? ತೂಕದ ಮಾತಿನವಳೆಂದು ನನ್ನನ್ನು ಕರೆದುಕೊಂಡು ಹೊರಟಿದ್ದರು. ನಿಜ ಹೇಳಿದರೆ ಆ ತಾಯಿಯ ಆಸೆಗೆ ನಾನೇ ಕಲ್ಲು ಹಾಕಿದಂತೆ, ಹೇಳದಿದ್ದರೆ ಇನ್ನೊಬ್ಬ ತಾಯಿಯ ಮಗಳಿಗೆ ಮೋಸ. ಮನ್ಮಾಡಿನಿಂದ ಮುಂದೆ ಕೂತ ಸೀಟು ಮುಳ್ಳಾಯಿತು. ಇಳಿಯುವ ಹೊತ್ತಿಗೆ ಅವ್ವ ಎದ್ದು, ಅವನ ತೋಳಿನ ಮೇಲಿನ ಚಹಾ ಕಲೆ ನೋಡಿ, ಸೆರಗು ಒದ್ದೆ ಮಾಡಿ ಒರೆಸಿದಳು. ಒರೆಸುವಷ್ಟು ಹೊತ್ತೂ ಅವನ ಮುಖವನ್ನೇ ನೋಡಿದಳು.

ಸಂಭಾಜಿನಗರದ ಹೊರವಲಯದ ಹೊಸ ಬಡಾವಣೆಯಲ್ಲಿ ಅವರ ಮನೆ. ಅಪ್ಪ ಕರ್ರಗಿನ ಗಟ್ಟಿಮುಟ್ಟಾದ ಮನುಷ್ಯ, ಸೆಂಟ್ರಿಂಗ್ ಹಲಗೆ ಹೊತ್ತೇ ಮೇಲೆ ಬಂದವರು ಎಂದು ಹೆಗಲು ನೋಡಿದರೆ ತಿಳಿಯುತ್ತಿತ್ತು. ತಾಯಿ ಬಾಗಿಲ ಹತ್ತಿರ ಮಣೆಯ ಮೇಲೆ ಕೂತು ಮಾತೇ ಆಡಲಿಲ್ಲ. ಹುಡುಗಿ ಅವಲಕ್ಕಿಯ ಪೋಹೆ, ಚಹಾ ತಂದಿಟ್ಟಳು. ಅವಳಿಗೆ ಕನ್ನಡ ತಿಳಿಯುತ್ತಿತ್ತು, ಆಡುವಾಗ ತಡವರಿಸಿ ಮರಾಠಿಗೆ ಜಾರುತ್ತಿದ್ದಳು. ಇವನ ಮುಂದೆ ಚಹಾದ ಬಸಿ ಇಡುವಾಗ ಒಮ್ಮೆ ಅವನ ಮುಖ ನೋಡಿ, ಹುಬ್ಬು ಗಂಟಿಕ್ಕಿ, ಹೋಗಿ ಬಾಗಿಲ ಪರದೆಯ ಹತ್ತಿರ ನಿಂತಳು.

ಅವನು ಬಾಯಿ ಬಿಡಲಿಲ್ಲ. ಅಪ್ಪ ತಮ್ಮ ಫೋನು ಮುಂದೆ ಮಾಡಿ, ಇದು ಯಾಕೋ ಬಿಸಿಯಾಗುತ್ತದೆ ಎಂದರು. ನಾನು ಕೆಮ್ಮಲು ಸಿದ್ಧಳಾದೆ. ಅವನು ಅದನ್ನು ನೋಡಲೂ ಇಲ್ಲ, ಏನೂ ಆಗಿಲ್ಲರಿ ಎಂದು ಕೈಯಲ್ಲಿ ಹಿಡಿದು ಹಾಗೇ ಹಿಂದೆ ಕೊಟ್ಟ. ಯಾವ ಕಂಪನಿ ಎಂದರು, ಹೆಸರು ಹೇಳಿದ. ಕೆಲಸ ಹೇಗೆ ಎಂದರು, ನಡೀತೈತ್ರಿ ಎಂದ. ಕೆಮ್ಮಲು ಒಂದೇ ಒಂದು ಅವಕಾಶ ಕೊಡಲಿಲ್ಲ ಪುಣ್ಯಾತ್ಮ. ಆ ಮಾತಿನ ಮಲ್ಲ ಹೀಗೆ ತಲೆ ತಗ್ಗಿಸಿ ಪೋಹೆಯಲ್ಲಿನ ಶೇಂಗಾ ಆರಿಸುತ್ತ ಕೂತದ್ದು ನೋಡಿ ನನಗೆ ಅಳು ಬಂದಿತು.

ಕೊನೆಗೆ ಅಪ್ಪ ನನ್ನ ಕಡೆ ತಿರುಗಿದರು. "ಬಾಯಾರ, ನೀವು ಬ್ಯಾಂಕಿನವ್ರು, ತಿಳದವ್ರು. ನೀವಽ ಹೇಳ್ರಿ. ಹುಡುಗನ ನೌಕರಿ ಪಕ್ಕಾ ಐತಿಲ್ರಿ?"

ನನಗೆ ಕೆಮ್ಮು ಬಂತು. ನಿಜವಾದ ಕೆಮ್ಮು, ಪೋಹೆ ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬರುವಂಥದು. ಅವನು ನನಗೆ ನೀರಿನ ಲೋಟ ಕೊಡಲು ಎದ್ದ. ಅವನವ್ವ ಅವನ ತೋಳು ಹಿಡಿದು ಕೂರಿಸಿದಳು.

"ಅಣ್ಣಾರ, ಅಕ್ಕಾರನ್ನ ಕೇಳಬ್ಯಾಡ್ರಿ, ನಾ ಹೇಳ್ತೀನಿ. ನನ್ನ ಮಗನ ಕೆಲಸ ಇವತ್ತ ಮುಂಜಾನಿ ಹೋಗೈತಿ. ಅಂವ ನನಗ ಹೇಳಿಲ್ಲ. ಅವರಪ್ಪನ್ನ ಕೆಲಸದಿಂದ ತಗದ ದಿವ್ಸ ಅವರೂ ಹಿಂಗಽ ಮಾರಿ ಮಾಡ್ಕೊಂಡು, ಏನೂ ಆಗಿಲ್ಲ ಅಂತಿದ್ರು. ನಾ ಇದನ್ನ ಬಾಳ ಸಲ ನೋಡೀನ್ರಿ." ಮಗನ ತೋಳು ಹಿಡಿದೇ ಮುಂದುವರಿಸಿದಳು. "ಖರೇ ಹೇಳಬ್ಯಾಡಂತ ನಾನಽ ಅವಗ ಆಣಿ ಹಾಕಿದ್ದೆ. ಅಂವ ನನ್ನ ಸಲುವಾಗಿ ಬಾಯಿ ಮುಚ್ಕೊಂಡು ಕುಂತಾನ. ಸುಳ್ಳು ಹೇಳಿ ಹೆಣ್ಣು ತರೂದು ನನಗ ಬ್ಯಾಡ್ರಿ."

ಅಪ್ಪ ಅವನನ್ನು ನೋಡಿ, ಖರೇ ಏನಪಾ ಎಂದರು. ಹೌದ್ರಿ ಎಂದ. ಅವ್ವನ ಕಡೆ ತಿರುಗಿ ನೋಡಲು ಅವನಿಗಾಗಲಿಲ್ಲ. ಅಪ್ಪ ತಮ್ಮ ದೊಡ್ಡ ಅಂಗೈಯಿಂದ ಮೊಣಕಾಲು ಸವರಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು, ಹೆಣ್ಣು ಹೆತ್ತವರು. ಸಮಾಧಾನದ ದನಿಯಲ್ಲೇ, ವಿಚಾರ ಮಾಡಿ ಹೇಳ್ತೀವ್ರಿ ಎಂದರು. ಸಾಲ ಕೇಳಲು ಬಂದವರಿಗೆ ಆ ಮಾತನ್ನು ನಾನೇ ಜೀವಮಾನವಿಡೀ ಹೇಳಿದವಳು, ಅದರ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವ್ವನಿಗೂ ತಿಳಿಯಿತು. ಸೆರಗು ಸರಿಮಾಡಿಕೊಂಡು ಏಳಲು ನೆಲಕ್ಕೆ ಕೈಯೂರಿದಳು.

"ಪಪ್ಪಾ" ಎಂದಳು ಹುಡುಗಿ ಪರದೆಯ ಹತ್ತಿರದಿಂದ. ಮರಾಠಿಯಲ್ಲಿ ಶುರುಮಾಡಲು ಹೊರಟವಳು ಅವನವ್ವನನ್ನು ನೋಡಿ ತಡೆದು, ಶಬ್ದ ಹುಡುಕಿ ಹುಡುಕಿ ಕನ್ನಡದಲ್ಲೇ ಹೇಳಿದಳು.

"ನಂದು ಕೆಲಸ ಐತಲ್ಲ."

ಅದು ಬೇರೆ ಮಾತು ಎಂದರು ಅಪ್ಪ. ಅವಳು ಆಮೇಲೆ ಮರಾಠಿಗೆ ಹೊರಳಿ ಗಡಗಡ ಮಾತಾಡಿದಳು. ಇದಕ್ಕೆ ಮೊದಲು ಬಂದವರೆಲ್ಲ ಪಕ್ಕಾ ನೌಕರಿ ಎಂದೇ ಹೇಳಿದ್ದರು, ಒಬ್ಬನದು ನೌಕರಿಯೇ ಇರಲಿಲ್ಲ ಎಂದು ನೀವೇ ವಿಚಾರಿಸಿ ತಿಳಿದಿರಿ. ಚಹಾ ಕೊಡುವಾಗಲೇ ಇವರ ಮುಖ ನೋಡಿ ಏನೋ ಆಗಿದೆ ಎಂದುಕೊಂಡೆ, ರಿಪೋರ್ಟು ತೆಗೆದುಕೊಳ್ಳಲು ಬಂದವರು ಹಾಗೇ ಕೂತಿರುತ್ತಾರೆ. ನೀವು ಕೂಡ ಸ್ಲ್ಯಾಬು ಹಾಕಿ ಮುಗಿದ ಮೇಲೆ ಎಷ್ಟು ಸಲ ಖಾಲಿ ಕೈಯಲ್ಲಿ ಮನೆಯಲ್ಲಿ ಕೂತಿಲ್ಲ? ಆಗ ಅಮ್ಮ ನಿಮ್ಮನ್ನು ಬಿಟ್ಟು ಹೋದಳೇ? ನನಗೆ ಈ ಅತ್ತೆ ಬೇಕು ಎಂದಳು. ಹುಡುಗ ಬೇಕು ಎನ್ನಲಿಲ್ಲ, ಅದನ್ನು ನಾನು ಗಮನಿಸಿದೆ, ಅವನೂ ಗಮನಿಸಿದ.

ಅಪ್ಪ ಉತ್ತರ ಕೊಡುವ ಮೊದಲೇ, ಬಾಗಿಲ ಹತ್ತಿರ ಕೂತಿದ್ದ ಹುಡುಗಿಯ ತಾಯಿ ಎದ್ದು ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಬಟ್ಟಲು ತುಂಬ ಸಕ್ಕರೆ ತಂದು ಅವನವ್ವನ ಮುಂದೆ ಹಿಡಿದಳು. ಸಂಬಂಧ ಒಪ್ಪಿಗೆಯಾದರೆ ಅಷ್ಟೇ ನಮ್ಮಲ್ಲಿ ಸಕ್ಕರೆ ಕೊಡುವುದು. ಅಪ್ಪ ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು, ಉಸ್ಸೆಂದು ಒಂದು ಉಸಿರು ಬಿಟ್ಟು ತಾವೂ ಅಂಗೈ ಚಾಚಿದರು. ನಾನು ಬಾಯಿಬಿಟ್ಟು ಅಳುತ್ತಿದ್ದೆ. ಅವನವ್ವ ಅಳಲಿಲ್ಲ. ಬಟ್ಟಲಿನಲ್ಲಿ ಕೈ ಹಾಕಿ ಮಗನ ಕಡೆ ತಿರುಗಿದಳು.

ಅವನಿಗೆ ಆಗ ಮಾತು ವಾಪಸು ಬಂತು. ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಹುಡುಗಿಯ ಅಪ್ಪನಿಗೆ, "ಹಂಗಲ್ರಿ ಮಾಮಾ, ಗಡಿಬಿಡಿ ಮಾಡಬ್ಯಾಡ್ರಿ. ಈಗಿನ ಮಾರ್ಕೆಟ್ ಹೆಂಗೈತಿ ಅಂದ್ರ, ಹೊಸಾ ಕೆಲಸ ಸಿಗಾಕ ಕಡಿಮಿ ಅಂದ್ರೂ..." ಎಂದು ಶುರುಮಾಡಿದ.

ಅವ್ವ ಆ ತೆರೆದ ಬಾಯಿಗೆ ಒಂದು ಹಿಡಿ ಸಕ್ಕರೆ ಸುರಿದಳು.